ಐರೆಟ್ ತೆಗೆದು ರೆಟ್ ಹಾಕಿದ ಮೇಲೆ ಕರ್ನೆಲ್ ಸುಮ್ನೆ ರೀಬೂಟ್ ಆಗ್ತಿದ್ರೆ

ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಪ್ರೊಸೆಸರನ್ನು ಕರೆಯುವ ಸಂಕೇತ) ಮುಗಿಸಿ ವಾಪಸ್ ಹೋಗುವ ಕೋಡಿನಲ್ಲಿ ಐರೆಟ್ ಸೂಚನೆ ತೆಗೆದು, ಫಂಕ್ಷನ್‌ನಿಂದ ವಾಪಸ್ ಬರುವ ಮಾಮೂಲಿ ರೆಟ್ ಹಾಕಿ ಚುರುಕು ಮಾಡಿದ್ದೀರಿ. ಬೂಟ್ ಸರಿಯಾಗಿ ಆಗುತ್ತದೆ, ಶೆಲ್ ಬರುತ್ತದೆ, ಪಿಂಗ್ ಹೋಗುತ್ತದೆ. ನೆಟ್‌ವರ್ಕ್ ಮೇಲೆ ಜೋರು ಲೋಡ್ ಬಿದ್ದ ತಕ್ಷಣ ಮಾತ್ರ ಮೆಷಿನ್ ಒಂದು ಮಾತೂ ಹೇಳದೆ ರೀಬೂಟ್ ಆಗುತ್ತದೆ. ಲಾಗ್ ಇಲ್ಲ, ಪ್ಯಾನಿಕ್ ಇಲ್ಲ. ನಿಮ್ಮದೂ ಇದೇ ಲಕ್ಷಣ ಆಗಿದ್ದರೆ ಈ ಬರಹ ನಿಮಗೇ.

ನಾನಿರುವುದು ಚಿತ್ರದುರ್ಗದಲ್ಲಿ. ನನ್ನ ಜೊತೆ ಕೋಡ್ ಬರೆಯುವ ಹುಡುಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಬಂದುಬಿಡುತ್ತಾನೆ, ಅರವತ್ತು ಕಿಲೋಮೀಟರ್ ದಾರಿ. ಇಬ್ಬರೂ ಸೇರಿ ಎಕ್ಸ್86-64 ಮೇಲೆ ಓಡುವ ಒಂದು ಚಿಕ್ಕ ಕರ್ನೆಲ್ ಬರೆಯುತ್ತಿದ್ದೇವೆ. ಮನೆಯಲ್ಲಿ ಎರಡು ಹಳೇ ಡೆಸ್ಕ್‌ಟಾಪ್ ಇವೆ, ನಡುವೆ ನೇರ ನೆಟ್‌ವರ್ಕ್ ಕೇಬಲ್. ಒಂದರ ಮೇಲೆ ನಮ್ಮ ಕರ್ನೆಲ್, ಇನ್ನೊಂದರ ಮೇಲೆ ಲಿನಕ್ಸ್. ಕೆಳಗೆ ಬರೆದಿರುವುದೆಲ್ಲ ಆ ಮೆಷಿನ್ ಮೇಲೆ ನಾವೇ ಹುಡುಕಿ ಹಿಡಿದದ್ದು.

ಏನು ಬದಲಾಯಿಸಿದ್ದೆವು

ಇಂಟರಪ್ಟ್ ಬಂದಾಗ ಪ್ರೊಸೆಸರ್ ಐದು ಪದ (ಎಂಟೆಂಟು ಬೈಟಿನ ತುಂಡು) ಸ್ಟ್ಯಾಕಿಗೆ, ಅಂದರೆ ಕೆಳಮುಖವಾಗಿ ಬೆಳೆಯುವ ತಾತ್ಕಾಲಿಕ ಮೆಮೊರಿಗೆ, ತಳ್ಳುತ್ತದೆ. ಮೇಲಿಂದ ಕೆಳಗೆ ಎಸ್‌ಎಸ್, ಆರ್‌ಎಸ್‌ಪಿ, ಫ್ಲ್ಯಾಗ್ಸ್, ಸಿಎಸ್, ಆರ್‌ಐಪಿ. ಆರ್‌ಎಸ್‌ಪಿ ಅಂದರೆ ಸ್ಟ್ಯಾಕಿನ ತುದಿಯ ವಿಳಾಸ, ಆರ್‌ಐಪಿ ಮುಂದೆ ಓಡಬೇಕಾದ ಸೂಚನೆಯ ವಿಳಾಸ, ಫ್ಲ್ಯಾಗ್ಸ್ ಪ್ರೊಸೆಸರಿನ ಸ್ಥಿತಿ ಹೇಳುವ ಬಿಟ್‌ಗಳು, ಸಿಎಸ್ ಮತ್ತು ಎಸ್‌ಎಸ್ ಕೋಡ್ ಹಾಗೂ ಸ್ಟ್ಯಾಕ್ ಸೆಗ್ಮೆಂಟ್‌ಗಳು. ಒಟ್ಟು 40 ಬೈಟ್, ಈ ಗುಂಪಿಗೇ ಫ್ರೇಮ್ ಅನ್ನುವುದು. ಐರೆಟ್‌ಕ್ಯು (64 ಬಿಟ್‌ನ ಐರೆಟ್) ಆ ಐದನ್ನೂ ಒಂದೇ ಏಟಿಗೆ ವಾಪಸ್ ತುಂಬುತ್ತದೆ, ಸೆಗ್ಮೆಂಟ್ ಪರೀಕ್ಷೆ ಮಾಡುತ್ತದೆ, ಪೈಪ್‌ಲೈನನ್ನು ಪೂರ್ತಿ ನಿಲ್ಲಿಸಿ ಮುಂದೆ ಹೋಗುತ್ತದೆ. ಅದಕ್ಕೇ ಅದು ನಿಧಾನ. ಯೂಸರ್ ಪ್ರೋಗ್ರಾಂಗೆ ವಾಪಸ್ ಹೋಗುವಾಗ ಇದೆಲ್ಲ ಬೇಕೇ ಬೇಕು. ಆದರೆ ಕರ್ನೆಲ್ ಓಡುತ್ತಿರುವಾಗಲೇ ಇಂಟರಪ್ಟ್ ಬಂದು ಮತ್ತೆ ಕರ್ನೆಲ್ಲಿಗೇ ವಾಪಸ್ ಹೋಗುವುದಾದರೆ ಸಿಎಸ್ ಬದಲಾಗಲ್ಲ, ಎಸ್‌ಎಸ್ ಬದಲಾಗಲ್ಲ. ಫ್ಲ್ಯಾಗ್ಸ್, ಆರ್‌ಎಸ್‌ಪಿ, ಆರ್‌ಐಪಿ ಮೂರು ಸರಿ ಹೋದರೆ ಸಾಕು, ಅಲ್ವಾ? ಸ್ಟ್ಯಾಕಿನಿಂದ ಫ್ಲ್ಯಾಗ್ಸ್ ತುಂಬುವ ಪಾಪ್‌ಎಫ್‌ಕ್ಯು ಮತ್ತು ಮಾಮೂಲಿ ರೆಟ್ ಅದನ್ನು ಮಾಡುತ್ತವೆ. ಇದು ನಮ್ಮ ಹೊಸ ಉಪಾಯವಲ್ಲ. ಲಿನಕ್ಸ್ ಕರ್ನೆಲ್ಲಿಗೆ 2014ರಲ್ಲಿ ಕರ್ನೆಲ್ ಡೆವಲಪರ್ ಆಂಡಿ ಲುಟೊಮಿರ್ಸ್ಕಿ ಇಂಥದ್ದೇ ಪ್ರಸ್ತಾಪ ತಂದಿದ್ದರು.

ಸಿಎಸ್‌ನ ಕೊನೆಯ ಎರಡು ಬಿಟ್ ನೋಡುತ್ತೇವೆ. ಸೊನ್ನೆ ಇದ್ದರೆ ಕರ್ನೆಲ್, ಹೊಸ ದಾರಿ. ಇಲ್ಲದಿದ್ದರೆ ಹಳೇ ಐರೆಟ್‌ಕ್ಯು.

ಮೊದಲು ಸಿಕ್ಕ ದೋಷ: ಎಂಟು ಬೈಟಿನ ಜಾರು

ರೀಬೂಟ್ ವಿಷಯಕ್ಕೆ ಬರುವ ಮುಂಚೆ ಇದನ್ನು ನೋಡಿಬಿಡಿ. ಲೋಡ್ ಇಲ್ಲದಿದ್ದರೂ ಇದು ಕಾಣಿಸಿಕೊಳ್ಳುತ್ತದೆ, ಎರಡೂ ಒಟ್ಟಿಗೆ ಇದ್ದರೆ ತಲೆ ಕೆಡುತ್ತದೆ.

ಲಕ್ಷಣ ಹೀಗೆ. ಇಂಟರಪ್ಟ್‌ಗೂ ತನಗೂ ಸಂಬಂಧವೇ ಇಲ್ಲದ ಯಾವುದೋ ಫಂಕ್ಷನ್ ತನ್ನ ಕೊನೆಯ ರೆಟ್‌ನಲ್ಲಿ ಅರ್ಥವಿಲ್ಲದ ವಿಳಾಸಕ್ಕೆ ಹಾರುತ್ತದೆ. ಕೆಲವು ಸಲ ಆಗುತ್ತದೆ, ಕೆಲವು ಸಲ ಇಲ್ಲ. ಜಿಡಿಬಿ ಡೀಬಗರ್‌ನಲ್ಲಿ ನೋಡಿದರೆ ಆರ್‌ಎಸ್‌ಪಿ ಇರಬೇಕಾದ ಜಾಗಕ್ಕಿಂತ ಸರಿಯಾಗಿ 8 ಬೈಟ್ ಕೆಳಗಿದೆ.

ಕಾರಣ: 64 ಬಿಟ್ ಮೋಡ್‌ನಲ್ಲಿ ಪ್ರೊಸೆಸರ್ ಆ ಐದು ಪದ ತಳ್ಳುವ ಮುಂಚೆ ಆರ್‌ಎಸ್‌ಪಿಯನ್ನು 16ರ ಗಡಿಗೆ ಕೆಳಕ್ಕೆ ಇಳಿಸುತ್ತದೆ. ಹಳೇ ಆರ್‌ಎಸ್‌ಪಿ ಮೊದಲೇ 16ರ ಗಡಿಯಲ್ಲಿದ್ದರೆ ಜಾಗ ಬಿಡುವುದಿಲ್ಲ. 8ರಲ್ಲಿ ಕೊನೆಯಾಗಿದ್ದರೆ ನಡುವೆ 8 ಬೈಟ್ ಖಾಲಿ ಬಿಡುತ್ತದೆ. ನಾವು ಫ್ರೇಮಿನ ಬುಡದಿಂದ 40 ಬೈಟ್ ಎಣಿಸಿ ಅದೇ ಹಳೇ ಆರ್‌ಎಸ್‌ಪಿ ಅಂದುಕೊಂಡಿದ್ದೆವು. ಹಾಗೆ ಎಣಿಸಬಾರದು. ಫ್ರೇಮಿನೊಳಗೇ ಆರ್‌ಎಸ್‌ಪಿ ಬರೆದಿಟ್ಟಿದೆಯಲ್ಲ, ಅದನ್ನೇ ಓದಬೇಕು.

ಓದುವುದರಲ್ಲೂ ಒಂದು ಕ್ರಮ ಇದೆ. ಹಳೇ ಆರ್‌ಎಸ್‌ಪಿಯ 8 ಬೈಟ್ ಕೆಳಗೆ ಆರ್‌ಐಪಿ, 16 ಬೈಟ್ ಕೆಳಗೆ ಫ್ಲ್ಯಾಗ್ಸ್ ಬರೆಯಬೇಕು, ಆಮೇಲೆ ಆರ್‌ಎಸ್‌ಪಿಯನ್ನು ಆ ಫ್ಲ್ಯಾಗ್ಸ್ ಮೇಲೆ ತಂದು ನಿಲ್ಲಿಸಬೇಕು. ಆದರೆ ಗಡಿ ಸರಿಯಿದ್ದಾಗ ಫ್ಲ್ಯಾಗ್ಸ್ ಹೋಗಿ ಕೂರುವ ಜಾಗವೇ ಫ್ರೇಮಿನ ಆರ್‌ಎಸ್‌ಪಿ ಇದ್ದ ಜಾಗ! ಅಂದರೆ ಅದನ್ನು ಮೊದಲೇ ಓದಿ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳದಿದ್ದರೆ ಅಳಿಸಿಹೋಗುತ್ತದೆ. ಇಟ್ಟುಕೊಂಡರೆ ಆ ರಿಜಿಸ್ಟರಿನ ಹಳೇ ಬೆಲೆಯನ್ನು ಕೊನೆಗೆ ವಾಪಸ್ ತುಂಬುವುದು ಹೇಗೆ? ಕೆಲವು ಫಾಲ್ಟ್‌ಗಳಿಗೆ ಪ್ರೊಸೆಸರ್ ಫ್ರೇಮಿನ ಕೆಳಗೆ ಎರರ್ ಕೋಡ್ ಅಂತ ಇನ್ನೊಂದು ಪದ ತಳ್ಳುತ್ತದೆ, ಇಲ್ಲಿ ಆ ಜಾಗ ಕೈ ಹಿಡಿಯುತ್ತದೆ. ಎರರ್ ಕೋಡ್ ಇಲ್ಲದ ಇಂಟರಪ್ಟ್‌ಗೂ ನಾವು ಅಲ್ಲಿ ಒಂದು ಸೊನ್ನೆ ತಳ್ಳಿರುತ್ತೇವೆ. ಕೆಲಸ ಮುಗಿದ ಮೇಲೆ ಆ ಜಾಗ ಯಾರಿಗೂ ಬೇಡ. ಹೊಸ ಆರ್‌ಎಸ್‌ಪಿ ಎಷ್ಟಾಗಬೇಕೋ ಅದನ್ನು ಅಲ್ಲಿ ಬರೆದಿಡಿ. ಎಲ್ಲ ರಿಜಿಸ್ಟರ್ ಪಾಪ್ ಮಾಡಿ ಮುಗಿದಾಗ ಆರ್‌ಎಸ್‌ಪಿ ತಾನಾಗಿಯೇ ಆ ಜಾಗಕ್ಕೆ ಬಂದಿರುತ್ತದೆ. ಅಲ್ಲಿ ಆರ್‌ಎಸ್‌ಪಿಯನ್ನೇ ಪಾಪ್ ಮಾಡಿ. ಒಂದೇ ಸೂಚನೆ, ಯಾವ ರಿಜಿಸ್ಟರೂ ಹಾಳಾಗಲ್ಲ. ಇದನ್ನು ಹುಡುಗನೇ ಕಂಡುಹಿಡಿದ, ನನಗೆ ಹೊಳೆದಿರಲಿಲ್ಲ.

ಕರ್ನೆಲ್ಲನ್ನು ರೆಡ್ ಝೋನ್ ಇಲ್ಲದೆ ಕಂಪೈಲ್ ಮಾಡಿದ್ದೀರಾ ಅಂತಲೂ ಒಮ್ಮೆ ನೋಡಿ. ಆರ್‌ಎಸ್‌ಪಿಯ ಕೆಳಗಿನ 128 ಬೈಟ್ ತನ್ನದು ಅಂತ ಕಂಪೈಲರ್ ನಂಬಿಕೊಂಡಿದ್ದರೆ ಐರೆಟ್ ಇದ್ದಾಗಲೂ ಪೆಟ್ಟು, ಇಲ್ಲದಾಗಲೂ ಪೆಟ್ಟು.

ಈಗ ರೀಬೂಟ್

ಪಿಂಗ್ ಫ್ಲಡ್ ಕೊಟ್ಟೆವು, ಏನೂ ಆಗಲಿಲ್ಲ. ಟೈಮರ್ ವೇಗ ಹೆಚ್ಚಿಸಿದೆವು, ಏನೂ ಆಗಲಿಲ್ಲ. ಲಿನಕ್ಸ್ ಮೆಷಿನ್‌ನಿಂದ ಪಿಕೆಟಿಜೆನ್ ಹಾಕಿ ಚಿಕ್ಕ ಪ್ಯಾಕೆಟ್‌ಗಳನ್ನು ಲೈನ್ ತುಂಬುವಷ್ಟು ಸುರಿದಾಗ ಕಣ್ಣು ಮಿಟುಕಿಸುವುದರೊಳಗೆ ರೀಬೂಟ್. ಒಂದು ಗಿಗಾಬಿಟ್ ಲೈನಿನಲ್ಲಿ 64 ಬೈಟಿನ ಫ್ರೇಮ್ ಸೆಕೆಂಡಿಗೆ ಸುಮಾರು 14 ಲಕ್ಷ 88 ಸಾವಿರ ಬರುತ್ತವೆ, ಅಂದರೆ ಒಂದರಿಂದ ಒಂದಕ್ಕೆ 672 ನ್ಯಾನೋಸೆಕೆಂಡ್. ನಮ್ಮ ಡ್ರೈವರಿನಲ್ಲಿ ಇಂಟರಪ್ಟ್ ಥ್ರಾಟ್ಲಿಂಗ್ ಇನ್ನೂ ಬರೆದಿರಲಿಲ್ಲ. ಪ್ರತಿ ಪ್ಯಾಕೆಟಿಗೂ ಒಂದು ಇಂಟರಪ್ಟ್ ಏಳುತ್ತಿತ್ತು. ಹ್ಯಾಂಡ್ಲರ್ (ಇಂಟರಪ್ಟ್ ನೋಡಿಕೊಳ್ಳುವ ಕೋಡ್) ಒಂದನ್ನು ಮುಗಿಸುವಷ್ಟರಲ್ಲಿ ಇನ್ನೊಂದು ಪ್ರೊಸೆಸರಿನ ಇಂಟರಪ್ಟ್ ನಿಯಂತ್ರಕವಾದ ಲೋಕಲ್ ಎಪಿಕ್‌ನಲ್ಲಿ ಬಾಗಿಲ ಬಳಿ ನಿಂತಿರುತ್ತಿತ್ತು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ಕೆಲಸ: ರೀಬೂಟ್ ಆಗದಂತೆ ಮಾಡಿ, ಬೀಳುವ ಜಾಗ ಕಾಣುವಂತೆ ಮಾಡಿ. ಸುಳಿವಿಲ್ಲದ ರೀಬೂಟ್ ಅಂದರೆ ಸಾಮಾನ್ಯವಾಗಿ ಟ್ರಿಪಲ್ ಫಾಲ್ಟ್. ಸ್ಟ್ಯಾಕ್ ತಳ ದಾಟಿ, ಅದರ ಕೆಳಗೆ ಯಾರೂ ಮುಟ್ಟದಂತೆ ಬಿಟ್ಟ ಗಾರ್ಡ್ ಪೇಜಿಗೆ ಕಾಲಿಟ್ಟಿತು ಅನ್ನಿ. ಪೇಜ್ ಫಾಲ್ಟ್ ಬರುತ್ತದೆ. ಆ ಫಾಲ್ಟಿನ ಫ್ರೇಮ್ ತಳ್ಳಲು ಅದೇ ಮುಗಿದುಹೋದ ಸ್ಟ್ಯಾಕ್ ಬೇಕು. ಅಲ್ಲಿ ಮತ್ತೆ ಫಾಲ್ಟ್, ಅದು ಡಬಲ್ ಫಾಲ್ಟ್ ಆಗುತ್ತದೆ. ಅದಕ್ಕೂ ಸ್ಟ್ಯಾಕ್ ಇಲ್ಲ. ಮೂರನೆಯದಕ್ಕೆ ಪ್ರೊಸೆಸರ್ ಕೈಚೆಲ್ಲುತ್ತದೆ. ಆದ್ದರಿಂದ 8ನೇ ವೆಕ್ಟರಿಗೆ (ಡಬಲ್ ಫಾಲ್ಟಿನ ಸಂಖ್ಯೆ) ಟಿಎಸ್‌ಎಸ್‌ನಲ್ಲಿ, ಅಂದರೆ ಪ್ರೊಸೆಸರ್ ಸ್ಟ್ಯಾಕ್ ವಿಳಾಸ ಓದುವ ಕೋಷ್ಟಕದಲ್ಲಿ, ಬೇರೆಯೇ ಸ್ಟ್ಯಾಕ್ ಕೊಡಿ. ಅಲ್ಲಿ ಐಎಸ್‌ಟಿ ಅಂತ ಏಳು ಜಾಗ ಇವೆ, ಒಂದನ್ನು ಇದಕ್ಕೇ ಮೀಸಲಿಡಿ. ನೀವು ಬೇರೆ ಏನನ್ನೂ ಮಾಡದಿದ್ದರೂ ಇದೊಂದನ್ನು ಇವತ್ತೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ನಾವು ಇದನ್ನು ಮುಂದಕ್ಕೆ ಹಾಕಿದ್ದಕ್ಕೆ ಎರಡು ಭಾನುವಾರ ಹೋಯಿತು.

ಡಬಲ್ ಫಾಲ್ಟ್ ಹ್ಯಾಂಡ್ಲರಿನಲ್ಲಿ ಜಾಸ್ತಿ ಏನೂ ಮಾಡಬೇಡಿ. ಸೀರಿಯಲ್ ಪೋರ್ಟಿಗೆ ಸಿಆರ್2 (ಪೇಜ್ ಫಾಲ್ಟ್ ಆದ ವಿಳಾಸ), ಆರ್‌ಎಸ್‌ಪಿ, ಮತ್ತು ಸ್ಟ್ಯಾಕಿನ ಪದಗಳನ್ನು ಬರೆದು ಎಚ್‌ಎಲ್‌ಟಿ ಹಾಕಿ ನಿಲ್ಲಿಸಿ. ಡಬಲ್ ಫಾಲ್ಟ್ ಫ್ರೇಮಿನ ಆರ್‌ಐಪಿಯನ್ನು ನಂಬಬೇಡಿ, ಅದಕ್ಕೆ ಇಂಟೆಲ್ ಖಾತರಿ ಕೊಡುವುದಿಲ್ಲ. ಕ್ಯೂಇಎಂಯು ಎಮ್ಯುಲೇಟರಿನಲ್ಲಿ ಇಂಟರಪ್ಟ್ ಲಾಗ್ ಹಾಕಿ ನೋಡುವುದೂ ಒಳ್ಳೆಯದೇ, ಕೋಡನ್ನು ನೇರ ಪ್ರೊಸೆಸರ್ ಮೇಲೇ ಓಡಿಸುವ ಕೆವಿಎಂ ಬಳಸಿದರೆ ಮಾತ್ರ ಆ ಲಾಗ್ ಬರುವುದಿಲ್ಲ.

ಡಂಪ್ ಬಂತು. ಹುಡುಗ ಪರದೆ ನೋಡುತ್ತಾ ಕೂತಿದ್ದ.

"ಅಣ್ಣ, ಇಲ್ನೋಡಣ್ಣ. ಸ್ಟ್ಯಾಕ್ ಪೂರ್ತಿ ಒಂದೇ ಅಡ್ರೆಸ್ ಬಿದ್ದಿದೆ."

"ಯಾವ ಫಂಕ್ಷನ್ನೋ ಅದು? ರಿಕರ್ಷನ್ ಇರಬೇಕು, ಆಬ್ಜ್‌ಡಂಪ್ ತೆಗಿ."

"ಫಂಕ್ಷನ್ ಅಲ್ಲಣ್ಣ. ನಾವು ಹೊಸದಾಗಿ ಹಾಕಿದ್ವಲ್ಲ, ಆ ರೆಟ್ಟೇ."

16 ಕೆಬಿ ಸ್ಟ್ಯಾಕ್, 2048 ಪದ. ಮೇಲೆ ಸ್ವಲ್ಪ ಮಾಮೂಲಿ ವಿಷಯ, ಕೆಳಗೆ ಒಂದು ಹ್ಯಾಂಡ್ಲರ್ ಫ್ರೇಮ್. ನಡುವೆ ಉದ್ದಕ್ಕೂ ನಮ್ಮ ರೆಟ್ ಸೂಚನೆಯ ವಿಳಾಸ ಒಂದರ ಕೆಳಗೊಂದು, ಎಂಟೆಂಟು ಬೈಟಿಗೆ. ನಿಮ್ಮ ಡಂಪಿನಲ್ಲೂ ಇದು ಕಂಡರೆ ಬೇರೆ ಎಲ್ಲೂ ಹುಡುಕಬೇಡಿ. ಈ ಗುರುತು ಬೇರೆ ಯಾವ ದೋಷಕ್ಕೂ ಬರುವುದನ್ನು ನಾನು ನೋಡಿಲ್ಲ.

ಕಿಂಡಿ

ಪಾಪ್‌ಎಫ್‌ಕ್ಯು ಫ್ಲ್ಯಾಗ್ಸ್ ತುಂಬಿದ ಕೂಡಲೇ ಇಂಟರಪ್ಟ್ ಫ್ಲ್ಯಾಗ್ ಏಳುತ್ತದೆ. ರೆಟ್ ಇನ್ನೂ ಆಗಿಲ್ಲ. ಎರಡು ಸೂಚನೆಗಳ ನಡುವಿನ ಈ ಚಿಕ್ಕ ಸಂದಿಯಲ್ಲಿ, ಕಾಯುತ್ತಾ ನಿಂತ ಇಂಟರಪ್ಟ್ ನುಗ್ಗುತ್ತದೆ. ಹೋಗಬೇಕಿದ್ದ ಆರ್‌ಐಪಿ ಇನ್ನೂ ಸ್ಟ್ಯಾಕ್ ಮೇಲೇ ಇದೆ, 8 ಬೈಟ್. ಹೊಸ ಇಂಟರಪ್ಟ್ ಅದರ ಕೆಳಗೆ ತನ್ನ ಕೆಲಸ ಮಾಡಿ ಮುಗಿಸಿ "ರೆಟ್ ಇರುವ ಜಾಗಕ್ಕೆ ವಾಪಸ್ ಹೋಗು" ಅಂತ ಇನ್ನೊಂದು 8 ಬೈಟ್ ಬರೆಯುತ್ತದೆ. ಮತ್ತೆ ಪಾಪ್‌ಎಫ್‌ಕ್ಯು, ಮತ್ತೆ ಸಂದಿ, ಮತ್ತೊಂದು ಇಂಟರಪ್ಟ್. ರೆಟ್‌ಗೆ ಸರದಿಯೇ ಬರುವುದಿಲ್ಲ. ಪ್ರತಿ ಸುತ್ತಿಗೂ ಎಂಟು ಬೈಟ್ ಕೆಳಗೆ.

ನಾವು ಇದಕ್ಕೆ ಕಿಂಡಿ ಅಂತಲೇ ಹೆಸರಿಟ್ಟೆವು. ದುರ್ಗದವರಿಗೆ ಓಬವ್ವನ ಕಿಂಡಿ ಹೇಳಿಕೊಡಬೇಕಾಗಿಲ್ಲ. ಹೈದರಾಲಿಯ ಸೈನಿಕರು ಆ ಕಲ್ಲಿನ ಸಂದಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬಂದರು, ಓಬವ್ವ ಒನಕೆಯಲ್ಲಿ ಹೊಡೆದು ಹೆಣವನ್ನು ಪಕ್ಕಕ್ಕೆ ಎಳೆದು ಹಾಕಿದಳು. ಎಳೆದು ಹಾಕಿದ್ದೇ ಮುಖ್ಯ. ನಮ್ಮ ಕೋಡ್ ಬಂದವರನ್ನೆಲ್ಲ ಮುಗಿಸುತ್ತಿತ್ತು, ಆದರೆ ಪಕ್ಕಕ್ಕೆ ಎಳೆಯದೆ ಅಲ್ಲೇ ಪೇರಿಸುತ್ತಿತ್ತು.

ಐರೆಟ್‌ಕ್ಯುನಲ್ಲಿ ಈ ತೊಂದರೆ ಯಾಕಿರಲಿಲ್ಲ? ಅದು ಫ್ಲ್ಯಾಗ್ಸ್, ಆರ್‌ಎಸ್‌ಪಿ, ಆರ್‌ಐಪಿ ಎಲ್ಲವನ್ನೂ ಒಂದೇ ಸೂಚನೆಯಲ್ಲಿ ತುಂಬುತ್ತದೆ. ಮುಂದಿನ ಇಂಟರಪ್ಟ್ ತಕ್ಷಣ ಬಂದರೂ ಸ್ಟ್ಯಾಕ್ ಆಗಲೇ ಮೊದಲಿನ ಎತ್ತರಕ್ಕೆ ಏರಿರುತ್ತದೆ. ಕೆಲಸ ಮುಂದೆ ಸಾಗದಿರಬಹುದು, ಆದರೆ ಸ್ಟ್ಯಾಕ್ ಬೆಳೆಯುವುದಿಲ್ಲ.

ಪಿಂಗ್ ಫ್ಲಡ್ ಯಾಕೆ ಹಿಡಿಯಲಿಲ್ಲ ಅನ್ನುವುದೂ ಈಗ ಗೊತ್ತಾಗುತ್ತದೆ. ಹತ್ತು ಸಲ ಕಿಂಡಿಯಲ್ಲಿ ಸಿಕ್ಕಿಕೊಂಡು ಹನ್ನೊಂದನೇ ಸಲ ಬಿಡುವು ಸಿಕ್ಕರೆ ರೆಟ್ ರೆಟ್‌ಗೆ ಹೋಗುತ್ತದೆ, ಅದು ಇನ್ನೊಂದು ರೆಟ್‌ಗೆ, ಹೀಗೆ ಒಂದೇ ಉಸಿರಿನಲ್ಲಿ ಪೂರ್ತಿ ಬಿಚ್ಚಿಕೊಂಡು ಸರಿಯಾದ ಜಾಗಕ್ಕೆ ತಲುಪುತ್ತದೆ. ಯಾವ ಗಾಯವೂ ಉಳಿಯಲ್ಲ. ಹಾಗಾಗಿ ಸಣ್ಣ ಲೋಡ್ ಪರೀಕ್ಷೆ ಪಾಸಾಯಿತು ಅಂತ ಈ ಕೋಡನ್ನು ನಂಬಲೇಬೇಡಿ.

ಸರಿ ಮಾಡುವುದು

ಇಂಟರಪ್ಟ್ ತೆರೆಯುವ ಎಸ್‌ಟಿಐ ಸೂಚನೆಗೆ ಒಂದು ಗುಣ ಇದೆ. ಇಂಟರಪ್ಟ್ ಮುಚ್ಚಿದ್ದಾಗ ಅದನ್ನು ಹಾಕಿದರೆ, ಅದರ ಮುಂದಿನ ಒಂದು ಸೂಚನೆ ಮುಗಿಯುವವರೆಗೂ ಪ್ರೊಸೆಸರ್ ಹೊರಗಿನ ಇಂಟರಪ್ಟ್ ತೆಗೆದುಕೊಳ್ಳುವುದಿಲ್ಲ. ಪಾಪ್‌ಎಫ್‌ಕ್ಯುಗೆ ಈ ನೆರಳು ಇಲ್ಲ. ಆದ್ದರಿಂದ ಸ್ಟ್ಯಾಕಿಗೆ ಬರೆಯುವ ಫ್ಲ್ಯಾಗ್ಸ್ ಪ್ರತಿಯಲ್ಲಿ 9ನೇ ಬಿಟ್ (ಇಂಟರಪ್ಟ್ ಫ್ಲ್ಯಾಗ್) ಅಳಿಸಿ, ಅಂದರೆ ಹೆಕ್ಸ್ 200. ಆಮೇಲೆ ಪಾಪ್‌ಎಫ್‌ಕ್ಯು, ಎಸ್‌ಟಿಐ, ರೆಟ್. ರೆಟ್ ಆ ನೆರಳಿನಲ್ಲೇ ಮುಗಿದುಹೋಗುತ್ತದೆ.

ಕೇಳಲು ಸುಲಭ, ಆದರೆ ಅರ್ಧ ಮಾಡಿದರೆ ಏನೂ ಪ್ರಯೋಜನ ಇಲ್ಲ. ನಾವು ಮೊದಲು ಎಸ್‌ಟಿಐ ಸೇರಿಸಿ 9ನೇ ಬಿಟ್ ಅಳಿಸುವುದನ್ನು ಬಿಟ್ಟಿದ್ದೆವು. ಮತ್ತೆ ಅದೇ ಡಂಪ್, ಈ ಸಲ ಎಸ್‌ಟಿಐ ವಿಳಾಸ ತುಂಬಿತ್ತು. ಫ್ಲ್ಯಾಗ್ ಆಗಲೇ ಎದ್ದಿದ್ದರೆ ಎಸ್‌ಟಿಐಗೆ ನೆರಳು ಬೀಳುವುದಿಲ್ಲ, ಕಿಂಡಿಯೂ ಪಾಪ್‌ಎಫ್‌ಕ್ಯು ಆದ ಕೂಡಲೇ ತೆರೆದುಕೊಂಡಿರುತ್ತದೆ. ಇನ್ನೊಂದು, ಎಸ್‌ಟಿಐ ಮತ್ತು ರೆಟ್ ನಡುವೆ ಏನನ್ನೂ ಇಡಬೇಡಿ. ಏನೂ ಮಾಡದ ಒಂದು ನಾಪ್ ಸೂಚನೆ ಬಂದರೂ ನೆರಳು ಅದಕ್ಕೇ ಖರ್ಚಾಗುತ್ತದೆ. ನಿಮ್ಮ ಅಸೆಂಬ್ಲಿಯಲ್ಲಿ ರೆಟ್ ಬದಲು ಮ್ಯಾಕ್ರೋ ಬಳಸಿದ್ದರೆ ಅದು ಒಳಗೆ ಏನಾಗಿ ಬಿಚ್ಚಿಕೊಳ್ಳುತ್ತದೆ ನೋಡಿ. 2022ರ ರೆಟ್‌ಬ್ಲೀಡ್ ಎಂಬ ಪ್ರೊಸೆಸರ್ ಭದ್ರತಾ ದೋಷದ ನಂತರ ರೆಟ್ ಜಾಗದಲ್ಲಿ ಬೇರೆ ಕಡೆಗೆ ಜಂಪ್ ಹಾಕುವ ಪದ್ಧತಿ ಬಂದಿದೆ. ಹಾಗಿದ್ದರೆ ನೆರಳು ಜಂಪಿಗೆ ಸಿಗುತ್ತದೆ, ರೆಟ್ ಬಿಸಿಲಲ್ಲೇ ಉಳಿಯುತ್ತದೆ.

ಹಳೇ ಫ್ಲ್ಯಾಗ್ಸ್‌ನಲ್ಲಿ 9ನೇ ಬಿಟ್ ಇರಲೇ ಇಲ್ಲ ಅಂದರೆ ಎಸ್‌ಟಿಐ ಹಾಕಬಾರದು. ಹೊರಗಿನ ಇಂಟರಪ್ಟ್‌ಗೆ ಹೀಗಾಗುವುದಿಲ್ಲ, ಯಾಕಂದರೆ ಬಿಟ್ ಇದ್ದದ್ದಕ್ಕೇ ಅದು ಒಳಗೆ ಬಂತು. ಆದರೆ ಪೇಜ್ ಫಾಲ್ಟ್ ಇಂಟರಪ್ಟ್ ಮುಚ್ಚಿದ್ದಾಗಲೂ ಬರಬಹುದು. ಲಾಕ್ ಹಿಡಿದುಕೊಂಡು ಇಂಟರಪ್ಟ್ ಮುಚ್ಚಿದ ಕೋಡಿನ ನಡುವೆ ಫಾಲ್ಟ್ ಬಂದು, ವಾಪಸ್ ಹೋಗುವಾಗ ನೀವು ಎಸ್‌ಟಿಐ ಹಾಕಿದರೆ ಲಾಕ್ ಜೊತೆಗೇ ಇಂಟರಪ್ಟ್ ತೆರೆದುಬಿಡುತ್ತದೆ. ಆಮೇಲೆ ಬರುವ ಡೆಡ್‌ಲಾಕಿಗೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಎರಡು ದಾರಿ ಬೇರೆ ಬೇರೆ ಬರೆಯಿರಿ.

ಎನ್‌ಎಂಐ (ಫ್ಲ್ಯಾಗ್‌ನಿಂದ ಮುಚ್ಚಲಾಗದ ಇಂಟರಪ್ಟ್) ಮಾತ್ರ ಎಸ್‌ಟಿಐ ನೆರಳಿನಲ್ಲೂ ನುಗ್ಗಬಹುದು. ಅದು ವಾಪಸ್ ಬಂದಾಗ ನೆರಳು ಹೋಗಿರುತ್ತದೆ, ಆಗ ಒಂದು ಇಂಟರಪ್ಟ್ ಒಳಗೆ ಬರಬಹುದು. ಎಂಟೇ ಬೈಟ್, ಪೇರಿಕೊಳ್ಳುವುದಿಲ್ಲ. ಇದಕ್ಕೆ ನಾವು ಏನೂ ಮಾಡಿಲ್ಲ.

ಯಾರಿಗೆ ಹೊಸ ದಾರಿ ಕೊಡಬಾರದು

ಪ್ರೊಫೈಲರ್ ಅಥವಾ ವಾಚ್‌ಡಾಗ್ ಒಂದು ಸಲ ಕೆಲಸ ಮಾಡಿ ಆಮೇಲೆ ಸತ್ತಂತೆ ಕೂತಿದೆಯಾ? ಎನ್‌ಎಂಐ ಹ್ಯಾಂಡ್ಲರ್ ರೆಟ್‌ನಲ್ಲಿ ವಾಪಸ್ ಹೋಗುತ್ತಿದೆ. ಒಂದು ಎನ್‌ಎಂಐ ಬಂದ ಮೇಲೆ ಮುಂದಿನ ಐರೆಟ್ ಆಗುವವರೆಗೂ ಪ್ರೊಸೆಸರ್ ಇನ್ನೊಂದನ್ನು ತಡೆದಿಟ್ಟಿರುತ್ತದೆ. ಅದಕ್ಕೆ ಐರೆಟ್‌ಕ್ಯು ಬಿಟ್ಟರೆ ಬೇರೆ ದಾರಿ ಇಲ್ಲ. ಮೆಷಿನ್ ಚೆಕ್ ಮತ್ತು ಡೀಬಗ್ ವೆಕ್ಟರಿಗೂ ಹಳೇ ದಾರಿಯೇ ಇರಲಿ.

ಡೀಬಗರ್‌ನಲ್ಲಿ ಒಂದು ಬ್ರೇಕ್‌ಪಾಯಿಂಟ್ ದಾಟಲು ಆಗದೆ ಅಲ್ಲೇ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಅದು ಆರ್‌ಎಫ್ ಬಿಟ್, 16ನೆಯದು. ಪಾಪ್‌ಎಫ್‌ಕ್ಯು ಅದನ್ನು ತುಂಬುವುದಿಲ್ಲ, ಅಳಿಸಿಬಿಡುತ್ತದೆ. ಟಿಎಫ್ ಬಿಟ್ ಎದ್ದಿದ್ದರೆ ಇನ್ನೊಂದು ಗೋಳು, ಸಿಂಗಲ್ ಸ್ಟೆಪ್ ಟ್ರ್ಯಾಪ್ ನಮ್ಮ ವಾಪಸ್ ಕೋಡಿನೊಳಗೇ ಬಂದುಬಿಡುತ್ತದೆ. ಆದ್ದರಿಂದ ಫ್ಲ್ಯಾಗ್ಸನ್ನು ಹೆಕ್ಸ್ 10100 ಜೊತೆ ಟೆಸ್ಟ್ ಮಾಡಿ, ಯಾವುದಾದರೂ ಬಿಟ್ ಇದ್ದರೆ ಐರೆಟ್‌ಕ್ಯುಗೆ ಕಳಿಸಿ. ಒಂದು ಟೆಸ್ಟ್, ಒಂದು ಜಂಪ್. ಹೆಚ್ಚು ಸಮಯ ತಿನ್ನಲ್ಲ.

ಐರೆಟ್‌ಕ್ಯು ಮೇಲೇ ಜನರಲ್ ಪ್ರೊಟೆಕ್ಷನ್ ಬರುತ್ತಿದ್ದರೆ ಅದು ಬೇರೆ ಕಾಯಿಲೆ. ಎರರ್ ಕೋಡ್ ತೆಗೆಯದೆ ಐರೆಟ್ ಮಾಡಿದ್ದೀರಾ ನೋಡಿ. 8, 10ರಿಂದ 14, 17, 21 ಈ ವೆಕ್ಟರ್‌ಗಳಿಗೆ ಪ್ರೊಸೆಸರೇ ಎರರ್ ಕೋಡ್ ತಳ್ಳುತ್ತದೆ, ಅಲ್ಲಿ ನೀವೂ ಸೊನ್ನೆ ತಳ್ಳಿದರೆ ಒಂದು ಪದ ಜಾಸ್ತಿ ಆಗುತ್ತದೆ.

ವೇಗ ನಿಜವಾಗಿ ಬಂತಾ

ಬಂದಿದೆ, ಆದರೆ ಎಲ್ಲ ಕಡೆ ಒಂದೇ ಸಮ ಇಲ್ಲ. ಕಾಲ್ ಇಲ್ಲದೆ ರೆಟ್ ಹಾಕಿದರೆ ಪ್ರೊಸೆಸರಿನ ರಿಟರ್ನ್ ಊಹೆ ತಪ್ಪುತ್ತದೆ. ಅದು ಇಟ್ಟುಕೊಂಡ ಪಟ್ಟಿಯಿಂದ ಒಂದು ವಿಳಾಸ ಜಾಸ್ತಿ ಹೊರಗೆ ಬರುತ್ತದೆ, ಆಮೇಲೆ ಆ ಫಂಕ್ಷನ್‌ನ ಮೇಲಿನ ರೆಟ್‌ಗಳೂ ಸ್ವಲ್ಪ ದೂರ ತಪ್ಪು ಊಹೆಯಲ್ಲೇ ಹೋಗುತ್ತವೆ. ಐಡಲ್ ಲೂಪ್‌ನಲ್ಲಿ ಬಂದ ಇಂಟರಪ್ಟ್‌ಗೆ ಲಾಭ ಚೆನ್ನಾಗಿ ಕಂಡಿತು, ಆಳವಾದ ಕಾಲ್‌ಗಳ ಒಳಗೆ ಬಂದಾಗ ಕಡಿಮೆ ಕಂಡಿತು. ಅಳೆಯುವಾಗ ಹ್ಯಾಂಡ್ಲರನ್ನು ಮಾತ್ರ ಅಳೆಯಬೇಡಿ, ಇಂಟರಪ್ಟ್ ಆದ ಕೋಡಿನ ಒಟ್ಟು ಸಮಯ ಅಳೆಯಿರಿ. ಎಮ್ಯುಲೇಟರ್ ಒಳಗೆ ಸಿಕ್ಕ ಸಂಖ್ಯೆ ಬಿಡಿ. ನಿಮ್ಮ ಪ್ರೊಸೆಸರಿನಲ್ಲಿ ಕರ್ನೆಲ್ ಶ್ಯಾಡೋ ಸ್ಟ್ಯಾಕ್ (ವಾಪಸ್ ವಿಳಾಸಗಳ ಇನ್ನೊಂದು ಪ್ರತಿ ಇಟ್ಟು ತಾಳೆ ನೋಡುವ ವ್ಯವಸ್ಥೆ) ಆನ್ ಮಾಡುವ ಯೋಚನೆ ಇದ್ದರೆ ಈ ರೆಟ್ ನಡೆಯುವುದೇ ಇಲ್ಲ, 21ನೇ ಫಾಲ್ಟ್ ಬರುತ್ತದೆ. ಹೊಸ ಇಂಟೆಲ್ ಚಿಪ್‌ಗಳಿಗೆ ಫ್ರೆಡ್ ಅನ್ನುವ ವ್ಯವಸ್ಥೆ ಬರುತ್ತಿದೆ. ಅದರಲ್ಲಿ ಕರ್ನೆಲ್‌ನಿಂದ ಕರ್ನೆಲ್‌ಗೆ ಹೋಗಲು ಬೇರೆಯೇ ಸೂಚನೆ ಇದೆ, ಲಿನಕ್ಸ್ 6.9ರಲ್ಲಿ ಅದಕ್ಕೆ ಬೆಂಬಲ ಸೇರಿದೆ. ಅಂಥ ಮೆಷಿನ್ ಕೈಯಲ್ಲಿದ್ದರೆ ಈ ಕಸರತ್ತು ಬೇಕಿಲ್ಲ. ನಮ್ಮಲ್ಲಿರುವುದು ಹಳೇ ಡೆಸ್ಕ್‌ಟಾಪ್.

ಕೊನೆಗೆ ನಾವು ಇಟ್ಟುಕೊಂಡಿರುವ ಎರಡು ಕಾವಲು. ಬಿಲ್ಡ್ ಆದ ಮೇಲೆ ಒಂದು ಚಿಕ್ಕ ಸ್ಕ್ರಿಪ್ಟ್ ಆ ಜಾಗದ ಬೈಟ್‌ಗಳನ್ನು ಓದುತ್ತದೆ. 9ಡಿ, ಎಫ್‌ಬಿ, ಸಿ3 ಈ ಮೂರು ಪಕ್ಕಪಕ್ಕದಲ್ಲೇ ಇರಬೇಕು, ಅಂದರೆ ಪಾಪ್‌ಎಫ್‌ಕ್ಯು, ಎಸ್‌ಟಿಐ, ರೆಟ್. ನಡುವೆ ಏನಾದರೂ ತೂರಿದ್ದರೆ ಬಿಲ್ಡ್ ನಿಲ್ಲುತ್ತದೆ. ಇನ್ನೊಂದು, ಬೂಟ್ ಆಗುವಾಗ ಪ್ರತಿ ಸ್ಟ್ಯಾಕಿನ ತಳದಿಂದ ಒಂದು ಗುರುತಿನ ಸಂಖ್ಯೆ ತುಂಬಿಡುತ್ತೇವೆ. ಎಲ್ಲಿಯವರೆಗೆ ಅದು ಅಳಿಸಿದೆ ಅಂತ ನೋಡಿದರೆ ಸ್ಟ್ಯಾಕ್ ಎಷ್ಟು ಆಳ ಹೋಗಿತ್ತು ಗೊತ್ತಾಗುತ್ತದೆ. ಕಳೆದ ಶನಿವಾರ ರಾತ್ರಿ ಪಿಕೆಟಿಜೆನ್ ಹಾಕಿ ಮಲಗಿದೆ. ಭಾನುವಾರ ಹುಡುಗ ಬಂದವನೇ ಚಪ್ಪಲಿ ಬಿಟ್ಟು ಸೀದಾ ಪರದೆ ಹತ್ತಿರ ಹೋದ. ಆಳ ಮೊದಲ ನಿಮಿಷದಲ್ಲಿ ಎಷ್ಟಿತ್ತೋ ಬೆಳಿಗ್ಗೆಯೂ ಅಷ್ಟೇ ಇತ್ತು.